ನಿಂತ ಮೋಟಾರಿಗೆ ಬ್ರೇಕು

ಸವಣೂರಿನ ಹಾಜರಾಬಿಯ ಹೊಲ, ತೋಟ, ಬಾಡಿಗೆ ಮನೆಗಳ ಕಾರಭಾರವನ್ನು ದಿಲಾವರ ಹರೆಯದಿಂದಲೂ ನೋಡಿಕೊಂಡಿದ್ದ. ಬಾಯಿಬಿಟ್ಟು ದುಡ್ಡು ಕೇಳಿದ್ದು ಒಮ್ಮೆ ಮಾತ್ರ, ಮಗಳು ಶಾಕೀರಾಳ ಮದುವೆಗೆ. ಹಾಜರಾಬಿ ಅಡಿಕೆ ಕತ್ತರಿಸುತ್ತಲೇ ಹೇಳಿದಳು:

"ಶಾಕೀರಾಗ ಏನ್ ಮಾಡಬೇಕು ಅನ್ನೂದು ನನಗ ಬಿಡು. ಮೊದಲ ಸಾಹೇಬ್ರ ಮೋಟಾರ್ ದುರಸ್ತಿಗೆ ಎಷ್ಟಾಕೈತಿ, ಅಂದಾಜು ಹಾಕ್ಕೊಂಡ ಬಾ."

ಸಾಹೇಬರೆಂದರೆ ಆಕೆಯ ತೀರಿಹೋದ ಗಂಡ. ಕೋಳಿಗಳು ಮೊಟ್ಟೆಯಿಡುತ್ತಿದ್ದ ಆ ಹಳೆಯ ತಗಡು ಕಾರಿಗೆ ದುಡ್ಡಿದೆ, ಶಾಕೀರಾಳಿಗೆ ಇಲ್ಲ. ದಿಲಾವರ ಅಂದಾಜು ಹಾಕಲು ಕುಳಿತ.

ಅವನು ದುರಾಸೆ ಪಡಲಿಲ್ಲ. ಕಣ್ಣಿಗೆ ಬೀಳುವುದನ್ನೆಲ್ಲ ನಿಜವಾಗಿಯೂ ಮಾಡಿಸುವುದು: ಹಸಿರು ಬಣ್ಣ, ಹೊಸ ಟಾಪು, ಚರ್ಮದ ಆಸನ. ಎಂಜಿನ್ನು ಸದ್ದು ಮಾಡಿದರೆ ಸಾಕು, ಆಕೆ ಕೇಳಿ ಕಣ್ಣೊರೆಸಿಕೊಳ್ಳುತ್ತಾಳೆ. ಕಣ್ಣಿಗೆ ಬೀಳದ್ದನ್ನು ಮುಂಬಯಿಯಿಂದ ತರಿಸಿದಂತೆ ಬರೆಯುವುದು. ಯುದ್ಧಕಾಲದಲ್ಲಿ ಯಾವ ಸಾಮಾನಿಗೆ ಯಾವ ಬೆಲೆಯೆಂದು ಯಾರು ಬಲ್ಲರು? ಪೆಟ್ರೋಲಿನ ರೇಶನ್ ಚೀಟಿ ಅಧಿಕಾರಿಗಳಿಗೇ ಸಾಲದು, ವಿಧವೆಗೆಲ್ಲಿಂದ ಬರಬೇಕು. ಓಡದ ಗಾಡಿಯ ಲೆಕ್ಕವನ್ನು ಓಡಿಸಿ ನೋಡುವವರಿಲ್ಲ.

ಮಿಸ್ತ್ರಿ ಹಯಾತ ಮಾತ್ರ ತಕರಾರು ತೆಗೆದ. "ಬ್ರೇಕ್ ಪೂರಾ ಸವದಾವರಿ. ಸಪಾಟಿನ್ಯಾಗ ಹಿಡೀತಾವು. ಇಳಿಜಾರಿನ್ಯಾಗ ಅಲ್ಲಾನ ಕಾಯಬೇಕು."

"ನಿಂತ ಮೋಟಾರಿಗೆ ಬ್ರೇಕ್ ಯಾಕೋ? ಗೋರ್ಯಾಗ ಮಲಗಿದಂವಗ ಛತ್ರಿ ಹಿಡದಂಗ."

ಹಯಾತ ನಕ್ಕ. ತನ್ನ ಪಾಲು ತೆಗೆದುಕೊಂಡು, ಫೌಜಿನ ಮೋಟಾರು ಕೆಲಸ ಸಿಕ್ಕಿತೆಂದು ಪುಣೆಗೆ ಹೋದ. ಇದ್ದೊಬ್ಬ ಸಾಕ್ಷಿಯೂ ಊರು ಬಿಟ್ಟಂತಾಯಿತು.

ಹಾಜರಾಬಿ ಲೆಕ್ಕವನ್ನು ಓದಿಸಿ ಕೇಳಿದಳು. ಚೌಕಾಸಿ ಮಾಡಲಿಲ್ಲ.

"ಬ್ರೇಕ್ ಹೊಸಾವು ಹಾಕ್ಸೀದಿ ಹೌದಲ್ಲ?"

"ಹೌದ್ರಿ ಅಮ್ಮಾರ."

"ಹಂಗಾರ ತಡಸದಿಂದ ಎರಡು ಚೀಲ ಇದ್ದಲಿ ತರಸು. ಛಲೋದು ಇರಲಿ."

ಚಳಿಗೆ ಕಾಯಿಸಿಕೊಳ್ಳಲಿಕ್ಕಿರಬೇಕು. ಆ ಇದ್ದಲಿಯ ಮೇಲೂ ಅವನು ಚೂರು ಏರಿಸಿಯೇ ಬರೆದ.

ನಿಕಾಹ್ ಮುಗಿದು ಶಾಕೀರಾಳನ್ನು ಹಾನಗಲ್ಲಿಗೆ ಕಳಿಸುವ ಹೊತ್ತು. ಕದ್ದ ದುಡ್ಡಿನ ಬಂಗಾರ ಅವಳ ಕೊರಳಲ್ಲಿ ಹೊಳೆಯುತ್ತಿತ್ತು. ಚಕ್ಕಡಿ ಹೂಡಲು ಹೋದ ದಿಲಾವರ ತಿರುಗಿ ಬರುವಷ್ಟರಲ್ಲಿ ಬಾಗಿಲಲ್ಲಿ ಹಸಿರು ಮೋಟಾರು ನಿಂತಿತ್ತು. ಚಾಲಕನ ಜಾಗದಲ್ಲಿ ಹಾಜರಾಬಿಯ ಅಣ್ಣನ ಮಗ ಮುನಾಫ, ಹುಬ್ಬಳ್ಳಿ ಬಸ್ಸಿನ ಡ್ರೈವರ್. ಮದುಮಕ್ಕಳು ಆಗಲೇ ಹಿಂದೆ ಕುಳಿತಿದ್ದರು.

"ನಾ ಈ ಮನಿಗೆ ಬಂದದ್ದು ಇದರಾಗನ," ಪರದೆಯ ಆಚೆಯಿಂದ ಹಾಜರಾಬಿ ಅಂದಳು. "ಶಾಕೀರಾನೂ ಹಂಗ ಹೋಗ್ಲಿ ಅಂತ ರಿಪೇರಿ ಮಾಡಿಸೇನಿ. ನೀ ಮುಂದ ಕೂಡು, ದಿಲಾವರ."

ಹಾನಗಲ್ಲಿನ ದಾರಿಯಲ್ಲಿ ಕೆರೆಯ ಏರಿ, ಏರಿಯಿಂದ ನೇರ ಇಳಿಜಾರು, ಕೆಳಗೆ ತಿರುವು. ಬ್ರೇಕು ಹಳೆಯವೆಂದರೆ ಮಗಳು ಉಳಿಯುತ್ತಾಳೆ. ಆದರೆ ಬೀಗರೆದುರು ಅಪ್ಪ ಕಳ್ಳನಾಗುತ್ತಾನೆ. ಇನ್ನೊಂದೇ ದಾರಿ ಇತ್ತು.

"ಪೆಟ್ರೋಲ್ ಇಲ್ದ ಹೆಂಗ ಹೋಗೂದೋ?" ಎಂದು ಕೇಳುವಾಗ ಅವನ ದನಿಯಲ್ಲಿ ಆಸೆಯಿತ್ತು. ಮುನಾಫ ನಗುತ್ತ ಮೋಟಾರಿನ ಹಿಂಬದಿ ತೋರಿಸಿದ. ಅಲ್ಲಿ ಉದ್ದನೆಯ ಕಬ್ಬಿಣದ ಪೀಪಾಯಿಯೊಂದನ್ನು ಬಿಗಿದಿದ್ದರು, ಒಳಗೆ ಕೆಂಡ; ಯುದ್ಧ ಶುರುವಾದ ಮೇಲೆ ದಿನವೂ ದಿಲಾವರನ ಬಾಗಿಲ ಮುಂದೆ ಹೊಗೆಯುಗುಳುತ್ತ ಹಾದುಹೋಗುವ, ಪೆಟ್ರೋಲಿನ ಬದಲು ಇದ್ದಲಿಯ ಗ್ಯಾಸಿನಿಂದ ಓಡುವ ಹುಬ್ಬಳ್ಳಿ ಬಸ್ಸಿನ ಬೆನ್ನಿಗಿದ್ದಂಥದ್ದೇ. "ಇದ್ದಲಿ ಮಸ್ತ್ ತಂದೀರಿ, ಕಾಕಾ. ಹಾನಗಲ್ಲ ತನಕ ಎಲ್ಲೂ ನಿಲ್ಲಂಗಿಲ್ಲ."