ಮೂರನೆಯ ಸೂಜಿ

"ಅದನ್ನ ಮುಟ್ಟಬೇಡಮ್ಮಾ. ನೀರು ಕೂಡ ಇಡಬೇಡ."

ಕಾಂಪೌಂಡ್ ಗೋಡೆಯ ಆಚೆಯಿಂದ ಮಾತು ಬಂದಾಗ ಅವಳು ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಮಂಡಿಯೂರಿ ಕೂತಿದ್ದಳು. ಕಲ್ಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಒಂದು ಕೆಂದು ಬಣ್ಣದ ಹೇಂಟೆ ಮುದುಡಿಕೊಂಡಿತ್ತು. ಬಲಗಾಲು ಸೊಟ್ಟಗೆ ಹೊರಚಾಚಿ, ಬೆರಳುಗಳು ಮುಷ್ಟಿಯಂತೆ ಮಡಚಿಹೋಗಿದ್ದವು. ಎಡಗಣ್ಣು ಕೀವು ಕಟ್ಟಿ ಮುಚ್ಚಿತ್ತು. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸದ್ದು ಮಾತ್ರ ಇಲ್ಲ. ಒದ್ದೆ ಪುಕ್ಕದ ವಾಸನೆ, ಹಿಕ್ಕೆಯ ವಾಸನೆ, ಅವೆರಡರ ಅಡಿಯಲ್ಲಿ ಇನ್ನೇನೋ ಸಿಹಿಸಿಹಿಯಾಗಿ ಕೊಳೆತದ್ದು.

"ಯಾಕೆ ದೊಡ್ಡಮ್ಮಾ, ಕಚ್ಚುತ್ತಾ?"

"ಅದು ಇಳಿಸಿ ಬಿಟ್ಟಿರೋ ಕೋಳಿ. ಯಾರದೋ ಕಾಯಿಲೆ ಮಂತ್ರಿಸಿ ಅದರ ಮೈಗೆ ಇಳಿಸಿದಾರೆ. ಅದು ತಾನಾಗೇ ಸಾಯಬೇಕು. ಉಣಿಸಿದೋರಿಗೆ ದಾಟುತ್ತೆ."

ಅವಳು ಜೋರಾಗಿಯೇ ನಕ್ಕಳು. "ಹಾಗಾದ್ರೆ ನಮ್ಮ ಆಸ್ಪತ್ರೆಗೆ ಬೀಗ ಹಾಕಿ ಕೋಳಿ ಫಾರಂ ಇಟ್ಟುಬಿಡೋಣ ಬಿಡಿ. ಡಾಕ್ಟರುಗಳ ಕಾಟ ತಪ್ಪುತ್ತೆ."

ಗೋಡೆಯ ಮೇಲಿನ ಮುಖ ನಗಲಿಲ್ಲ. ಸ್ವಲ್ಪ ಹೊತ್ತು ಕೋಳಿಯನ್ನೂ ಅವಳನ್ನೂ ನೋಡಿ ಕೆಳಗಿಳಿಯಿತು.

ಅವಳು ಆ ಊರಿಗೆ ವರ್ಗವಾಗಿ ಬಂದು ಹದಿಮೂರು ದಿನವಾಗಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಹಾಗಾಗಿ ಬೀದಿಯವರ ಬಾಯಲ್ಲಿ ಎಕ್ಸ್‌ರೇ ಮೇಡಂ. ಮನೆ ಸಿಕ್ಕಿದ್ದು ಬೀದಿಯ ತುದಿಯಲ್ಲಿ, ವರ್ಷದಿಂದ ಖಾಲಿ ಬಿದ್ದಿದ್ದದ್ದು. ಪಕ್ಕದಲ್ಲಿ ಇದೇ ದೊಡ್ಡಮ್ಮ ಮತ್ತು ಅವರ ಗಂಡ, ಪಾಠ ಹೇಳುವ ಕೆಲಸದಿಂದ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು. ಮೇಷ್ಟ್ರು ಬೆಳಿಗ್ಗೆ ದಾಪುಗಾಲು ಹಾಕುತ್ತಾ ಕಂಡಕಂಡವರನ್ನು ನಿಲ್ಲಿಸಿ ಮಾತಾಡಿಸುವವರು. ಅವರಿಬ್ಬರನ್ನು ಬಿಟ್ಟರೆ ಅವಳ ಬಾಗಿಲು ತಟ್ಟುವವರು ಯಾರೂ ಇರಲಿಲ್ಲ.

ಹನ್ನೊಂದು ವರ್ಷ ಅವಳು ಹಾಸಿಗೆ ಹಿಡಿದ ತಾಯಿಗೆ ಚಮಚೆಯಲ್ಲಿ ಗಂಜಿ ಕುಡಿಸಿದ್ದಳು, ಮಗ್ಗುಲು ಬದಲಿಸಿದ್ದಳು, ಬೆನ್ನು ಒರೆಸಿದ್ದಳು. ಮದುವೆಯ ಮಾತು ಬಂದದ್ದೂ ಹೋದದ್ದೂ ಆ ಕೋಣೆಯ ಹೊರಗೇ. ತಾಯಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಕೈಗಳಿಗೆ ಮಾತ್ರ ಅದು ಇನ್ನೂ ಗೊತ್ತಾಗಿರಲಿಲ್ಲ. ಸಂಜೆಯಾಗುತ್ತಿದ್ದಂತೆ ಅವು ಸುಮ್ಮಸುಮ್ಮನೆ ಚಡಪಡಿಸುತ್ತಿದ್ದವು.

ಅವಳು ಕೋಳಿಯನ್ನು ಟವಲ್ಲಿನಲ್ಲಿ ಸುತ್ತಿ ಒಳಗೆ ತಂದಳು.

ಅಡುಗೆಮನೆಯ ಮೂಲೆಯಲ್ಲಿ ರಟ್ಟಿನ ಡಬ್ಬ, ಅದರಲ್ಲಿ ಹಳೆಯ ಪೇಪರು, ಮೇಲೆ ಬೆಚ್ಚಗಿರಲೆಂದು ಇಳಿಬಿಟ್ಟ ಬಲ್ಬು. ದಿನಕ್ಕೆರಡು ಸಲ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲು ನೆನೆಸಿದಳು. ಹತ್ತಿಯಿಂದ ಕಣ್ಣಿನ ಕೀವು ತೆಗೆದಳು. ಕೊಕ್ಕಿನ ಅಂಚಿಗೆ ಹನಿಹನಿಯಾಗಿ ನೀರು ಬಿಟ್ಟಳು. ಅನ್ನ ಕಿವುಚಿ ಬೆರಳ ತುದಿಯಲ್ಲಿ ಹಿಡಿದರೆ ಅದು ಮುಖ ತಿರುಗಿಸುತ್ತಿತ್ತು. ಆಗ ತಾಯಿಗೆ ಹೇಳುತ್ತಿದ್ದ ಮಾತೇ ಬಾಯಿಗೆ ಬಂತು. "ತಿನ್ನು ತಾಯಿ. ಇನ್ನೊಂದೇ ತುತ್ತು."

ಅದು ತಿಂದಿತು. ಅಂದು ಅವಳೂ ಹೊಟ್ಟೆತುಂಬ ಉಂಡಳು, ಬಹಳ ದಿನಗಳ ಮೇಲೆ.

ಎಂಟು ದಿನವಾದರೂ ಕಾಲು ಸರಿಹೋಗಲಿಲ್ಲ. ಮೂಳೆ ಮುರಿದಿರಬೇಕೆಂದುಕೊಂಡು ಭಾನುವಾರ ಮಧ್ಯಾಹ್ನ, ಆಸ್ಪತ್ರೆಯಲ್ಲಿ ಜನವಿಲ್ಲದ ಹೊತ್ತು ನೋಡಿ, ಬುಟ್ಟಿಯಲ್ಲಿಟ್ಟುಕೊಂಡು ಹೋದಳು. ತಣ್ಣನೆಯ ಮೇಜಿನ ಮೇಲೆ ಕೋಳಿ ಅಲುಗಾಡದೆ ಮಲಗಿತು. ಫಿಲ್ಮ್ ತೊಳೆಯುವ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಿಸಿಲು ಸುಡುತ್ತಿದ್ದರೂ ಇಲ್ಲಿ ಎಂದಿನ ಕಗ್ಗತ್ತಲೆ, ಮೂಗು ಉರಿಸುವ ರಾಸಾಯನಿಕದ ಹುಳಿ ವಾಸನೆ, ಕೆಂಪು ದೀಪದ ಒಂದು ಚುಕ್ಕೆ. ದ್ರಾವಣದಲ್ಲಿ ಫಿಲ್ಮ್ ಮೆಲ್ಲಗೆ ಮೂಡಿತು. ಕಡ್ಡಿಯಂತಹ ಎಲುಬುಗಳು. ಮುರಿದದ್ದು ಯಾವುದೂ ಇಲ್ಲ.

ಆದರೆ ಮೂರು ಸೂಜಿಗಳಿದ್ದವು. ಬಲಗಾಲಿನಲ್ಲಿ ಒಂದು. ಎಡಗಣ್ಣಿನ ಹಿಂದೆ ಒಂದು. ಗಂಟಲಿಗೆ ಅಡ್ಡಲಾಗಿ ಒಂದು. ಮೂರಕ್ಕೂ ದಾರ ಪೋಣಿಸುವ ಕಣ್ಣು ಸ್ಪಷ್ಟವಾಗಿ ಕಾಣುತ್ತಿತ್ತು.

ಯಾವನೋ ಪಾಪಿ ಚುಚ್ಚಿದ್ದಾನೆ ಎಂದು ಶಪಿಸುತ್ತಾ ಬಂದು ಪುಕ್ಕ ಸರಿಸಿ ಹುಡುಕಿದಳು. ಗಾಯವಿಲ್ಲ. ಬೆರಳಿಗೆ ಏನೂ ತಾಗಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಪರಪರ ಸದ್ದು. ಕೋಳಿ ಡಬ್ಬದಿಂದ ಹಾರಿ, ಎರಡೂ ಕಾಲೂರಿ ನೆಲ ಕೆರೆಯುತ್ತಿತ್ತು. ಅವಳು ಸಂತೋಷದಿಂದ ಮಂಚ ಬಿಟ್ಟು ಎದ್ದಳು. ಬಲಗಾಲು ಊರಿದ್ದೇ ತಡ, ಕುಸಿದು ಬಿದ್ದಳು. ಕಾಲ್ಬೆರಳುಗಳು ಮುಷ್ಟಿಯಂತೆ ಮಡಚಿಕೊಂಡಿದ್ದವು.

ಅವಳ ಕಾಲಿನ ಫಿಲ್ಮಿನಲ್ಲಿ ಸೂಜಿ ಇತ್ತು. ಸರ್ಜನ್ ಅಂಗಾಲು ಕೊಯ್ದು ಮುಕ್ಕಾಲು ಗಂಟೆ ಹುಡುಕಿ ಬರಿಗೈಯಲ್ಲಿ ಹೊಲಿಗೆ ಹಾಕಿದರು. "ಫಿಲ್ಮಲ್ಲೇ ಏನೋ ದೋಷ ಇರಬೇಕು ಮೇಡಂ" ಅಂದರು. ಮತ್ತೆ ತೆಗೆದಳು. ಇದ್ದಲ್ಲೇ ಇತ್ತು.

ರಜೆಯಲ್ಲಿ ಮನೆಯಲ್ಲೇ ಬಿದ್ದಿದ್ದವಳಿಗೆ ದೊಡ್ಡಮ್ಮ ಎರಡು ಹೊತ್ತೂ ಊಟ ತಂದುಕೊಟ್ಟರು. ಮೊದಲ ದಿನ ಕಟ್ಟು ಹಾಕಿದ ಕಾಲು ನೋಡಿ ಬಾಗಿಲಲ್ಲೇ ನಿಂತು ಅತ್ತುಬಿಟ್ಟರು. "ಹೇಳಿದ್ನಲ್ಲಮ್ಮಾ. ಅಷ್ಟು ಹೇಳಿದ್ನಲ್ಲ."

"ಹಾಗಾದ್ರೆ ಇದು ಯಾರ ಕಾಯಿಲೆ ದೊಡ್ಡಮ್ಮಾ?"

"ಯಾರದಾದ್ರೇನು. ಇನ್ನಾದ್ರೂ ಅದನ್ನ ಹೊರಗೆ ಹಾಕು."

ಆ ದಿನ ಅವಳು ಕೋಳಿಯನ್ನು ಹಿತ್ತಲಿಗೆ ಬಿಟ್ಟು ಬಾಗಿಲು ಹಾಕಿದಳು. ನಂಬಿಕೆಯಿಂದಲ್ಲ, ಯಾವುದಕ್ಕೂ ಇರಲಿ ಎಂದು. ಮನೆ ಭಣಗುಟ್ಟಿತು. ಗಡಿಯಾರದ ಸದ್ದು, ನಲ್ಲಿಯ ತೊಟ್ಟು. ಒಂದು ಗಂಟೆ ಕಳೆಯಿತು. ಬಾಗಿಲ ಬುಡದಲ್ಲಿ ಕೊಕ್ಕು ಬಡಿಯುತ್ತಿತ್ತು. ಟಕ್. ಟಕ್. ಟಕ್. ಹನ್ನೊಂದು ವರ್ಷ ಒಂದು ಕರೆಗೆ ಎದ್ದು ಹೋಗುತ್ತಿದ್ದವಳು. ಎಷ್ಟು ಹೊತ್ತು ತಡೆದಾಳು? ಕುಂಟುತ್ತಾ ಹೋಗಿ ಚಿಲಕ ತೆಗೆದಳು. "ಬಾ ತಾಯಿ" ಎಂದಳು. ತುತ್ತು ಹಿಡಿದಳು.

ಎರಡು ದಿನದಲ್ಲಿ ಕೋಳಿಯ ಎಡಗಣ್ಣು ತೆರೆಯಿತು. ಗುಲಗಂಜಿಯಂತೆ ಹೊಳೆಯುತ್ತಿತ್ತು. ಅವಳ ಎಡಗಣ್ಣು ಮುಚ್ಚಿತು. ಕೀವಿಲ್ಲ, ನೋವಿಲ್ಲ, ರೆಪ್ಪೆ ಬಿಡಿಸಿದರೂ ಆಚೆ ಬರೀ ಕತ್ತಲು. ಅವಳು ಕನ್ನಡಿಯ ಮುಂದೆ ಕೂತು ಮೊದಲ ಬಾರಿಗೆ ಹೆದರಿದಳು. ಅಂದಿನಿಂದ ಕೋಳಿಗೆ ಒಂದಗುಳೂ ಹಾಕಲಿಲ್ಲ. ಮುಟ್ಟಲಿಲ್ಲ. ಆದರೆ ಹೊರಗೆ ಅಟ್ಟಲೂ ಆಗಲಿಲ್ಲ.

ಮೂರನೆಯ ಮಧ್ಯಾಹ್ನ ಊಟಕ್ಕೆ ಕೂತಿದ್ದಳು. ಎರಡನೆಯ ತುತ್ತಿಗೆ ಗಂಟಲಿನಲ್ಲಿ ಏನೋ ಅಡ್ಡಲಾಗಿ ಚುಚ್ಚಿತು. ನೀರು ಕುಡಿದಳು. ಕೆಮ್ಮಿದಳು. ಕೆಮ್ಮಿಗೆ ಸದ್ದಿರಲಿಲ್ಲ. ಲೋಟ ಕೈಜಾರಿ ಒಡೆಯಿತು. ಅದರ ಸದ್ದು ಕೇಳಿಸಿತು. ದೊಡ್ಡಮ್ಮಾ ಎಂದು ಕೂಗಿದಳು. ತುಟಿ ಮಾತ್ರ ಅಲುಗಿತು.

ಆಗ ಅಡುಗೆಮನೆಯಿಂದ ಒಂದು ದನಿ ಬಂತು.

"ತಿನ್ನು ತಾಯಿ."

ಅವಳದೇ ದನಿ.

"ಇನ್ನೊಂದೇ ತುತ್ತು."

ಅವಳು ಕದಲಲಿಲ್ಲ. ಪುಕ್ಕದ ವಾಸನೆ. ಆ ಸಿಹಿ ಕೊಳೆತದ್ದು, ಈಗ ಅವಳ ಉಸಿರಿನಲ್ಲೇ. ಉಗುರು ನೆಲ ಕೆರೆಯಿತು. ಹತ್ತಿರ. ಇನ್ನೂ ಹತ್ತಿರ. ಹೊಸ್ತಿಲ ಮೇಲೆ ಹೇಂಟೆ ನಿಂತಿತು. ಕೊಕ್ಕು ತೆರೆಯಿತು. "ಬಾ ತಾಯಿ." ತಲೆ ಓರೆ ಮಾಡಿತು. "ಬಾ ತಾಯಿ. ಬಾ."

ಅವಳು ಎದ್ದಳು. ಚಾಕು ಸಿಕ್ಕಿತು. ಕೋಳಿ ಓಡಲಿಲ್ಲ. ಬಾಚಿ ಕಂಕುಳಿಗೆ ಅವುಚಿಕೊಂಡಳು. ಇದರ ಬಗ್ಗೆ ಬಲ್ಲವರು ದೊಡ್ಡಮ್ಮ ಒಬ್ಬರೇ. ಕಾಲೆಳೆಯುತ್ತಾ, ಗೋಡೆ ಹಿಡಿಯುತ್ತಾ, ಪಕ್ಕದ ಮನೆಯ ಗೇಟು ತಳ್ಳಿದಳು.

ಅಂಗಳದಲ್ಲಿ ಮೇಷ್ಟ್ರು ಗಿಡಗಳಿಗೆ ನೀರು ಬಿಡುತ್ತಿದ್ದರು. "ಬನ್ನಿ ಬನ್ನಿ ಮೇಡಂ! ಏನು ಕೋಳಿ ಸಮೇತ ಬಂದಿದೀರಿ, ಊಟಕ್ಕೋ ಹೇಗೆ?" ಎಂದು ನಕ್ಕವರು ಅವಳ ಮುಖ ಕಂಡು ಗಂಭೀರರಾದರು. "ಅಯ್ಯೋ, ಕಣ್ಣೂ ಹೋಯ್ತಾ? ಧೈರ್ಯಗೆಡಬೇಡಿ. ಹೋದ ವರ್ಷ ನನಗೂ ಹೀಗೇ. ಲಕ್ವ ಹೊಡೀತು ನೋಡಿ, ಬಲಗಾಲು, ಎಡಗಣ್ಣು, ಮಾತು, ಮೂರೂ ಹೋಗಿತ್ತು. ಡಾಕ್ಟರು ಕೈಚೆಲ್ಲಿದ್ರು. ಒಂದೇ ವಾರದಲ್ಲಿ ಎದ್ದು ಕೂತೆ! ನಮ್ಮನೆಯವಳನ್ನ ಕೇಳಿ ಬೇಕಾದ್ರೆ."

ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು. ಕೋಳಿಯನ್ನು ನೋಡಿದರು, ಚಾಕುವನ್ನು ನೋಡಿದರು, ಅವಳ ಸದ್ದಿಲ್ಲದ ಬಾಯಿಯನ್ನು ನೋಡಿದರು.

"ರೀ, ಹೋಗಿ ಹಾಲು ತಗೊಂಡು ಬನ್ನಿ."

"ಈಗ್ಲಾ?"

"ಈಗ್ಲೇ."

ಮೇಷ್ಟ್ರು ಹೋದರು. ದೊಡ್ಡಮ್ಮ ಮೆಟ್ಟಿಲ ಮೇಲೆ ಕೂತರು.

"ನಾನೇ ಮಾಡಿಸಿದ್ದು. ಅವರಿಗೆ ಗೊತ್ತಿಲ್ಲ. ಖಾಲಿ ಮನೆ, ಯಾರೂ ಬರಲ್ಲ, ಸತ್ತುಹೋಗುತ್ತೆ ಅಂತ ಬಿಟ್ಟೆ. ಅದು ಸಾಯಲೇ ಇಲ್ಲ. ನೀನು ಬಂದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಕೊಯ್ದರೆ ಮೂರೂ ಅವರಿಗೆ ವಾಪಸ್ ಬರುತ್ತೆ. ನಿನ್ನ ಕಾಲು ನಿನಗೆ, ನಿನ್ನ ಕಣ್ಣು ನಿನಗೆ. ಹೊತ್ತು ಮುಳುಗೋದ್ರೊಳಗೆ ಕೊಯ್ಯಬೇಕು, ಆಮೇಲೆ ಏನು ಮಾಡಿದ್ರೂ ಇಲ್ಲ. ಕೊಯ್ಯಮ್ಮಾ. ನಾನು ತಡೆಯಲ್ಲ."

ಅವಳು ಚಾಕುವನ್ನು ಕೋಳಿಯ ಕತ್ತಿಗೆ ಒತ್ತಿದಳು. ಪುಕ್ಕದಡಿಯಲ್ಲಿ ಬೆಚ್ಚಗೆ ಏನೋ ಮಿಡಿಯುತ್ತಿತ್ತು. ಬೀದಿಯ ತಿರುವಿನಿಂದ ಮೇಷ್ಟ್ರು ಯಾರನ್ನೋ ಮಾತಾಡಿಸುತ್ತಿದ್ದದ್ದು ಕೇಳುತ್ತಿತ್ತು. ಕೋಳಿ ಹೆದರಲಿಲ್ಲ. ಅವಳ ಕೈ ಹತ್ತಿರ ಬಂದದ್ದಕ್ಕೆ ತುತ್ತೆಂದುಕೊಂಡು ಕೊಕ್ಕು ತೆರೆಯಿತು.

ಬಿಸಿಲು ಮೆಟ್ಟಿಲಿನಿಂದ ಗೋಡೆಗೆ ಏರಿತು. ಒತ್ತಲಾಗಲಿಲ್ಲ. ಚಾಕು ನೆಲಕ್ಕೆ ಬಿತ್ತು.

ದೊಡ್ಡಮ್ಮ ಆ ಚಾಕುವನ್ನು ಎತ್ತಿ ಬದಿಗಿಟ್ಟರು. ಆಮೇಲೆ ಒಳಗೆ ಹೋಗಿ ಒಂದು ಹಿಡಿ ಅನ್ನ ತಂದರು. ಕೋಳಿಯನ್ನು ಅವಳ ತೋಳಿನಿಂದ ಬಿಡಿಸಿ ಮಡಿಲಲ್ಲಿ ಕೂರಿಸಿಕೊಂಡರು.

"ಹೋದದ್ದನ್ನ ತಂದುಕೊಡೋಕೆ ನನ್ನ ಕೈಲಾಗಲ್ಲ. ನೀನು ಉಣಿಸೋದು ಬಿಟ್ಟಿದ್ದಕ್ಕೆ ಮೂರನೇದು ಇನ್ನೂ ಪೂರ್ತಿ ದಾಟಿಲ್ಲ. ಅದನ್ನ ನಾನು ತಗೋಬಹುದು."

ಅವಳು ತಲೆಯಾಡಿಸಿದಳು. ಬೇಡ. ಬೇಡ. ದನಿ ಬರಲಿಲ್ಲ. ದೊಡ್ಡಮ್ಮ ಅಂಗೈ ಚಾಚಿದರು. ಕೋಳಿ ಒಂದಗುಳು ಕುಕ್ಕಿತು. ಇನ್ನೊಂದು.

"ತಿನ್ನವ್ವಾ," ಎಂದರು ದೊಡ್ಡಮ್ಮ. "ನಾನು ನಿನಗೂ ಮೋಸ ಮಾಡಿದೆ. ನೋಡಮ್ಮಾ, ನಮ್ಮವರಿಗೆ ಮಾತ್ರ ಹೇಳಬೇ..."

ಮಾತು ಅಲ್ಲಿಗೇ ನಿಂತಿತು. ಅವರ ಕೈ ಗಂಟಲಿಗೆ ಹೋಯಿತು. ಅದೇ ಹೊತ್ತಿಗೆ ಅವಳ ಗಂಟಲಿನಲ್ಲಿ ತಡೆದಿದ್ದ ಕೂಗು ಕಿತ್ತುಕೊಂಡು ಬಂತು. ಅಂಗಳವೆಲ್ಲ ತುಂಬಿತು. ಗೋಡೆಯ ಮೇಲಿನ ಕಾಗೆಗಳು ಎದ್ದು ಹಾರಿದವು. ಹೇಂಟೆ ಮಡಿಲಿನಿಂದ ಧುಮುಕಿ, ಮೈಕೊಡವಿ, ಎಲ್ಲ ಕೋಳಿಗಳಂತೆ ಕೊಕ್ಕೊಕ್ ಎನ್ನುತ್ತಾ ಗಿಡದ ಬುಡ ಕೆದಕತೊಡಗಿತು. ಅದರಲ್ಲಿ ಇನ್ನೇನೂ ಉಳಿದಿರಲಿಲ್ಲ.

ಹತ್ತು ದಿನಗಳ ಮೇಲೆ ಮೇಷ್ಟ್ರು ಹೆಂಡತಿಯನ್ನು ಎಕ್ಸ್‌ರೇಗೆ ಕರೆತಂದರು. ಊರುಗೋಲು ಹಿಡಿದು ಕೆಲಸಕ್ಕೆ ಮರಳಿದ್ದ ಅವಳೇ ದೊಡ್ಡಮ್ಮನ ಗಲ್ಲ ಹಿಡಿದು ನೇರ ಮಾಡಿ ನಿಲ್ಲಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೇಷ್ಟ್ರಿಗೆ ಹೇಳಬೇಡ ಎಂದು ದೊಡ್ಡಮ್ಮ ಸನ್ನೆ ಮಾಡಬೇಕಾಗಿರಲಿಲ್ಲ.

ಕತ್ತಲೆ ಕೋಣೆಯಲ್ಲಿ ಫಿಲ್ಮ್ ಮೂಡಿತು. ಕತ್ತಿನ ಎಲುಬುಗಳು, ಅವುಗಳ ಮುಂದೆ ಅಡ್ಡಲಾಗಿ ಒಂದು ಸೂಜಿ.

"ಏನು ಕಾಣ್ತಿದೆ ಮೇಡಂ?" ಬಾಗಿಲಾಚೆಯಿಂದ ಮೇಷ್ಟ್ರ ದನಿ. "ನಾನೂ ನೋಡಬಹುದಾ?"

"ಫಿಲ್ಮ್ ಕೆಟ್ಟುಹೋಯ್ತು ಮೇಷ್ಟ್ರೇ. ಅಲ್ಲೇನೂ ಇಲ್ಲ."

"ಇನ್ನೊಂದ್ಸಲ ತೆಗೀತೀರಾ?"

"ಬೇಡ. ವಯಸ್ಸಿಗೆ ಆಗುತ್ತೆ ಹೀಗೆ. ಕರಕೊಂಡು ಹೋಗಿ. ಚೆನ್ನಾಗಿ ನೋಡ್ಕೊಳ್ಳಿ."

ಆಮೇಲೆ ಮೇಷ್ಟ್ರು ಹೆಂಡತಿಗೆ ಹೇಳಿದ್ದು ಕೇಳಿಸಿತು. "ಆಯ್ತು ಬಿಡು. ನನ್ನ ಬಾಯಿ ಬಿದ್ದುಹೋಗಿದ್ದಾಗ ದಿನವಿಡೀ ನೀನು ಮಾತಾಡಿದೆ. ಇನ್ಮೇಲೆ ಇಬ್ಬರ ಪಾಲಿಂದೂ ನಾನೇ ಮಾತಾಡ್ತೀನಿ."

ಮಾತಾಡುತ್ತಲೇ ಅವರು ಕಾರಿಡಾರಿನುದ್ದಕ್ಕೂ ನಡೆದುಹೋದರು. ಗಟ್ಟಿ ದನಿ; ತಿರುವು ದಾಟಿದ ಮೇಲೂ ಕೇಳುತ್ತಿತ್ತು. ಅವಳು ಕತ್ತಲೆಯಲ್ಲಿ ಒಂದೇ ಕಾಲ ಮೇಲೆ ಭಾರ ಬಿಟ್ಟು ನಿಂತು, ಅದು ಪೂರಾ ಅಡಗುವವರೆಗೆ ಕಿವಿಗೊಟ್ಟಳು. ಆಮೇಲೆ ಫಿಲ್ಮಿನಿಂದ ನೀರು ತೊಟ್ಟಿಕ್ಕುವ ಸದ್ದೊಂದೇ ಉಳಿಯಿತು.