ಅವನೊಬ್ಬನಿಗೇ ಬೇರೆ ದಾರಿ

ಎಂಟರ್ ಒತ್ತಿ ಅವಳು ಕುರ್ಚಿಗೆ ಒರಗಿದಳು. ಗಾಜಿನ ಗೋಡೆಯಾಚೆ ಮೀಟಿಂಗ್ ರೂಮಿನಲ್ಲಿ ಅವನು ಹೊಸ ವೆಬ್‌ಸೈಟ್ ತೋರಿಸಲು ಎದ್ದು ನಿಂತಿದ್ದ. ನೀಲಿ ಷರ್ಟು. ಅವಳೇ ಆರಿಸಿ ಕೊಟ್ಟದ್ದು.

ಪರದೆಯ ಮೇಲೆ ಮೂಡಿತು: 'ಈ ಪುಟ ಇಲ್ಲ.'

ಅವನ ಕಿವಿ ಕೆಂಪಾಯಿತು. ನಾಚಿದರೂ ಹಾಗೇ ಕೆಂಪಾಗುವ ಕಿವಿ. ಅದನ್ನು ನೋಡಲೆಂದೇ ಒಂದು ಕಾಲಕ್ಕೆ ಅವನನ್ನು ಕೆಣಕುತ್ತಿದ್ದಳು. ಈಗಲೂ ನೋಡಿದಳು, ಕಣ್ತುಂಬ.

"ಸೈಟು ಬಿದ್ದಿದೆ," ಎಂದ.

"ನನ್ನ ಫೋನಲ್ಲಿ ಚೆನ್ನಾಗೇ ಬರ್ತಿದೆಯಲ್ಲಪ್ಪ," ಎಂದರು ದೊಡ್ಡಮ್ಮ. ಆಫೀಸಿನ ಮುಖ್ಯಸ್ಥೆಗೆ ಎಲ್ಲರೂ ಬೆನ್ನ ಹಿಂದೆ ಇಟ್ಟ ಹೆಸರು ಅದು.

ಸೈಟು ತೆರೆಯಲು ಹೊರಗಿನಿಂದ ಬರುವ ಪ್ರತಿ ರಿಕ್ವೆಸ್ಟೂ ಕ್ಲಸ್ಟರಿನ, ಅಂದರೆ ಸರ್ವರುಗಳ ಗುಂಪಿನ, ಬಾಗಿಲಲ್ಲಿ ನಿಂತು, ಪುಟಗಳನ್ನು ಇಟ್ಟುಕೊಂಡ ಯಾವ ಕಂಟೇನರಿಗೆ ಹೋಗಲಿ ಎಂದು ಕೇಳುತ್ತದೆ. ದಾರಿ ಹೇಳುವ ರೂಲುಗಳನ್ನೆಲ್ಲ ಬರೆದವಳು ಅವಳು. 'ಒಂದೊಂದು ಸಾಲೂ ನನ್ನದೇ' ಎಂದು ದೊಡ್ಡಮ್ಮನೆದುರು ಹೇಳಿ ಬಡ್ತಿ ಗಿಟ್ಟಿಸಿದವನು ಅವನು. "ನಮ್ಮಿಬ್ಬರಲ್ಲಿ ನಂದೇನು, ನಿಂದೇನು," ಎಂದು ಆ ಸಂಜೆ ಅವಳ ಕೆನ್ನೆ ಸವರಿದ್ದ.

ಮೊದಲ ರೂಲು ಮಾತ್ರ ಕೆಲಸದ್ದಲ್ಲ. ಅವನ ಹುಟ್ಟುಹಬ್ಬಕ್ಕೆ ಬರೆದದ್ದು: ಅವನ ಲಾಗಿನ್ನಿನಿಂದ ಬಂದರೆ ಒಂದು ಪುಟ್ಟ ಕಂಟೇನರಿಗೆ ಕಳಿಸು. ಅಲ್ಲಿ ಒಂದೇ ಪುಟ, ಅವಳ ನಗುವಿನ ಫೋಟೋ, 'ನಿನಗೊಬ್ಬನಿಗೇ' ಎಂಬ ಮಾತು. ಮಾರನೆಯ ದಿನ ಆ ದಾರಿಯನ್ನು ಎಲ್ಲರ ಸೈಟಿಗೇ ತಿರುಗಿಸಿದ್ದಳು. ರೂಲನ್ನು ಅಳಿಸಲು ಕೈ ಬಂದಿರಲಿಲ್ಲ. ಇವತ್ತು ಅದೇ ದಾರಿಯ ತುದಿಗೆ ಖಾಲಿ ಕಂಟೇನರ್ ಕಟ್ಟಿದ್ದಳು.

ಅವನು ಓಡಿ ಬಂದ. "ಏನಾಗಿದೆ ನೋಡೇ, ಮಾನ ಹೋಗ್ತಿದೆ."

"ರೂಲು ಬರೆದವನು ನೀನಲ್ವಾ? ನೀನೇ ನೋಡು."

ದೊಡ್ಡಮ್ಮ ಕೈಕಟ್ಟಿ ಹಿಂದೆ ಬಂದು ನಿಂತರು. ಅವನು ಅವಳ ಹೆಗಲ ಮೇಲಿಂದ ಬಗ್ಗಿದ. ಅದೇ ಸೋಪಿನ ಪರಿಮಳ. ಅವಳು ಉಸಿರು ಬಿಗಿಹಿಡಿದಳು. ಅವನ ಕಣ್ಣು ಕಾಡಿನಲ್ಲಿ ದಾರಿ ತಪ್ಪಿದವನಂತೆ ಸಾಲುಸಾಲು ಅಲೆಯಿತು.

"ಎಲ್ಲಿ?"

"ಮೊದಲನೇದು. ನಿನ್ನ ಹೆಸರೇ ಇದೆ."

"ಬರೆದವನಿಗೆ ತನ್ನ ಹೆಸರೇ ಕಾಣಲಿಲ್ಲವಾ?" ದೊಡ್ಡಮ್ಮ ನಿಧಾನವಾಗಿ ಕೇಳಿದರು. ಆಮೇಲೆ ಅವಳತ್ತ ತಿರುಗಿದರು. "ಸರಿಮಾಡಿ ಒಳಗೆ ಬಾ. ಉಳಿದದ್ದನ್ನು ನೀನೇ ತೋರಿಸು. ನಿನಗೂ ಬೈಗುಳ ಬಾಕಿ ಇದೆ."

ಅವರು ಹೋದರು. ಅವನು ಹೋಗಲಿಲ್ಲ.

"ಇದು ಇಷ್ಟು ದಿನ ಇಲ್ಲೇ ಇತ್ತಾ?"

"ಎಲ್ಲಕ್ಕಿಂತ ಮೇಲೆ."

"ತಪ್ಪಾಯ್ತು ಕಣೇ. ಬಡ್ತಿಯ ಆ ಕುರ್ಚಿ ನೀನೇ ತಗೋ. ಭಾನುವಾರ ಅಮ್ಮನ್ನ ನಿಮ್ಮನೆಗೆ ಕರ್ಕೊಂಡು ಬರ್ತೀನಿ. ಮದುವೆ ಆಗೋಣ."

ಈ ಮಾತಿಗಾಗಿ ಎಷ್ಟು ಸಂಜೆ ಕಾದಿದ್ದಳೋ. ಎದೆ ಹಳೆಯ ಚಾಳಿಯಂತೆ ಒಂದು ಸಲ ಹಾರಿತು. ಬೆರಳು ಮಾತ್ರ ಅವನ ಹೆಸರಿನ ಆ ಸಾಲನ್ನು ಅಳಿಸಿತು.

"ಈಗ ನೀನೂ ಎಲ್ಲರ ಹಾಗೇ," ಎಂದು ಎದ್ದಳು.

"ಅಂದ್ರೆ? ಭಾನುವಾರ ಬರ್ಲಾ?"

"ಬೇಡ."