ಗಾಡಿಗೊಂದು ಸುತ್ತು

ಸಂತೋಷನಿಗೆ ಆದ ಅವಮಾನಕ್ಕೆ ಒಂದು ಪಂಕ್ತಿಯ ಜನ ಸಾಕ್ಷಿಯಿದ್ದರು. ದೊಡ್ಡಬಳ್ಳಾಪುರದಲ್ಲಿ ಅವನ ಅಕ್ಕ ಬಿಂದುಶ್ರೀಯ ಹೊಸ ಮನೆಯ ಗೃಹಪ್ರವೇಶದ ಊಟ. ಅರಿಶಿನಕುಂಟೆಯಲ್ಲಿ ಲಾರಿ ಯಾರ್ಡು ಇಟ್ಟಿರುವ ಸೋದರಮಾವ ಪಾಪಯ್ಯ ಎದುರು ಸಾಲಿನಲ್ಲಿ ಕೂತಿದ್ದ. ಅಮ್ಮ ಅಂಜನಮ್ಮ ಸಮಯ ನೋಡಿ, "ಅಣ್ಣಾ, ನಮ್ಮ ಹುಡುಗಂಗೂ ಒಂದು ಲಾರಿ ಕೊಡಪ್ಪಾ, ಹೆವಿ ಲೈಸೆನ್ಸ್ ಮಾಡ್ಸವ್ನೆ" ಎಂದಳು. ಪಾಪಯ್ಯ ಹೋಳಿಗೆ ಮುರಿಯುತ್ತಾ, "ಇವನ ಕೈಗೆ ಹಗ್ಗ ಕೊಟ್ರೆ ಮೊದ್ಲು ತನ್ನ ಕಾಲೇ ಕಟ್ಕೊಂಡ್ಬಿಡ್ತಾನೆ ಕಣಮ್ಮಾ" ಎಂದ. ಎರಡೂ ಸಾಲು ಗೊಳ್ಳೆಂದು ನಕ್ಕಿತು. ತುಪ್ಪ ಬಡಿಸುತ್ತಿದ್ದವನು ನಗುವ ಭರದಲ್ಲಿ ಸಂತೋಷನ ಎಲೆಯನ್ನು ದಾಟಿ ಮುಂದಕ್ಕೆ ಹೋಗಿಬಿಟ್ಟ. ಮಾವನ ಮಾತನ್ನು ಅವನು ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ತುಪ್ಪವಿಲ್ಲದ ಹೋಳಿಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಅಷ್ಟೆಲ್ಲ ಆಡಿಕೊಂಡ ಮೇಲೆ ಪಾಪಯ್ಯ ಮಾರನೆಯ ವಾರವೇ ಕರೆದು ಕೆಲಸ ಕೊಟ್ಟ. ಇದು ಸಂತೋಷನಿಗೆ ಇನ್ನೂ ಸಿಟ್ಟು ಬರಿಸಿತು. ಕೊಡದಿದ್ದರೆ ಬಯ್ದುಕೊಂಡು ತಿರುಗಬಹುದಿತ್ತು. ಕೊಟ್ಟವನನ್ನು ಬಯ್ಯುವುದು ಹೇಗೆ? ಬಯ್ಯಲಾಗದಿದ್ದರೆ ಮುಳುಗಿಸಬೇಕು ಎಂದು ಅವನು ತೀರ್ಮಾನಿಸಿದ. ಮಾವನ ಒಂದು ಲಾರಿ ಲೋಡು ಹಾಡಹಗಲೇ ಮಾಯವಾಗಬೇಕು. ಮಾವ ತಲೆಯ ಮೇಲೆ ಕೈಹೊತ್ತು ಕೂರಬೇಕು. ಪಕ್ಕದಲ್ಲಿ ನಿಂತು ಸಮಾಧಾನ ಮಾಡುವವನು ತಾನೇ ಆಗಿರಬೇಕು.

ಅವನಿಗೆ ಸಿಕ್ಕಿದ್ದು ಫ್ಲಾಟ್‌ಬೆಡ್ ಲಾರಿ. ಪಕ್ಕದ ಹಲಗೆಗಳಿಲ್ಲ, ಮೇಲೆ ಏನೂ ಇಲ್ಲ, ಬರೀ ಚಪ್ಪಟೆ ಮೈ. ಹೇರಿದ್ದನ್ನು ಹಗ್ಗ, ಸರಪಳಿ ಬಿಟ್ಟರೆ ಯಾವ ದೇವರೂ ಹಿಡಿದುಕೊಳ್ಳುವುದಿಲ್ಲ. ಆದ್ದರಿಂದ ಹೊಸಬರು ಎರಡು ತಿಂಗಳು ಯಾರ್ಡಿನ ಹಿರಿಯ ಡ್ರೈವರು ಹೈದರ್ ಉಸ್ತಾದರ ಕೈಕೆಳಗೆ ಕಲಿಯಬೇಕು. ಅವರು ರುಜು ಹಾಕಿದ ಮೇಲೆಯೇ ಒಬ್ಬರೇ ಓಡಿಸಬಹುದು. ರುಜು ಹಾಕಿದ ಹುಡುಗ ಏನಾದರೂ ಎಡವಟ್ಟು ಮಾಡಿದರೆ ಉಸ್ತಾದರ ಕೆಲಸಕ್ಕೂ ಕುತ್ತು. ಮೂವತ್ತು ವರ್ಷದಲ್ಲಿ ಅವರು ರುಜು ಹಾಕಿದ್ದು ಒಂಬತ್ತೇ ಜನಕ್ಕೆ.

ಮೊದಲ ದಿನ ಹೈದರ್ ಸ್ಟೀರಿಂಗ್ ಮುಟ್ಟಲು ಬಿಡಲಿಲ್ಲ. ಲಾರಿಯ ಸುತ್ತ ನಡೆಸಿದರು. "ಹತ್ತೋಕೆ ಮುಂಚೆ ಗಾಡಿಗೊಂದು ಸುತ್ತು, ಬೇಟಾ. ನೀನೇ ಕಟ್ಟಿರ್ಲಿ, ನಾನೇ ಕಟ್ಟಿರ್ಲಿ. ಎಲ್ಲಾ ಗಂಟೂ ಮುಟ್ಟಿ ನೋಡು, ಆಮೇಲೆ ಹತ್ತು. ಚಾ ಕುಡಿಯೋಕೆ ಹೋಗಿದ್ರೂ ಬಂದು ಇನ್ನೊಂದು ಸುತ್ತು." ಸಂತೋಷ ಅಂದು ನಲವತ್ತು ಸುತ್ತು ಹಾಕಿದ. ಸಂಜೆ ಹೈದರರ ಹೆಂಡತಿ ಶರೀಫುನ್ನೀಸಾ ಕಳಿಸಿದ್ದ ಡಬ್ಬಿಯ ಊಟದಲ್ಲಿ ಅವನಿಗೂ ಪಾಲಿತ್ತು. ಮನೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬೀದಿಗೆಲ್ಲ ಬಟ್ಟೆ ಹೊಲಿಯುತ್ತಿದ್ದ ಆಕೆ ಗಂಡನ ಶಿಷ್ಯರನ್ನೆಲ್ಲ ತನ್ನ ಮಕ್ಕಳ ಲೆಕ್ಕಕ್ಕೆ ಸೇರಿಸಿಕೊಂಡಿದ್ದಳು.

ಕಳ್ಳತನ ಮಾಡಲು ಬಂದವನು ಕೆಲಸವನ್ನು ಮನಸ್ಸಿಟ್ಟು ಕಲಿತ. ಸಂಶಯ ಬಾರದಿರಲಿ ಎಂದು ಹೊತ್ತಿಗೆ ಮುಂಚೆ ಬಂದ. ಸರಪಳಿ ಬಿಗಿಯುವುದನ್ನು ಹೈದರರಿಗಿಂತ ಅಚ್ಚುಕಟ್ಟಾಗಿ ಮಾಡಿದ. ಇವನು ಪ್ರಾಮಾಣಿಕನಾಗಿದ್ದರೂ ಇದಕ್ಕಿಂತ ಹೆಚ್ಚೇನೂ ಮಾಡಬೇಕಿರಲಿಲ್ಲ. ಆದರೆ ಅದು ಅವನಿಗೆ ಹೊಳೆಯಲಿಲ್ಲ.

ಅವನ ಉಪಾಯಕ್ಕೆ ದಾರಿ ಮಾಡಿಕೊಟ್ಟಿದ್ದು ಮಾವನ ಜಿಪುಣತನ. ಜಿಪಿಎಸ್ ಡಬ್ಬಿಗೆ ರೀಚಾರ್ಜು ದಂಡ ಎಂದು ಪಾಪಯ್ಯ ಅದನ್ನು ಕೀಳಿಸಿ, ಬದಲಿಗೊಂದು ಪುಕ್ಕಟೆ ನಿಯಮ ತಂದಿದ್ದ. ಡ್ರೈವರು ಗೊತ್ತುಮಾಡಿದ ಕಡೆ ಗಾಡಿ ನಿಲ್ಲಿಸಿ ಹಗ್ಗ ಪರೀಕ್ಷಿಸಿ, ಲೋಡಿನ ಬಾಲದ ಹತ್ತಿರ ನಿಂತು ತನ್ನ ಮುಖ ಸಮೇತ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಕು. ಹೊಸಕೋಟೆ ದಾರಿಯಲ್ಲಿ ನಾಲ್ಕು ಕಡೆ: ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆ, ಕೊನೆಗೆ ಹೊಸಕೋಟೆ.

ತರಬೇತಿಯ ಕೊನೆಯ ವಾರ ಹೊಸಕೋಟೆಗೆ ಕಬ್ಬಿಣದ ಕಂಬಿಯ ಲೋಡು ಹೋಯಿತು. ಸಂತೋಷ ಪ್ರತಿ ನಿಲ್ದಾಣದಲ್ಲೂ ಒಂದು ಫೋಟೊ ಗುಂಪಿಗೆ ಹಾಕಿ, ಇನ್ನೊಂದನ್ನು ಬೇರೆ ಕೋನದಿಂದ ತೆಗೆದು ತನ್ನಲ್ಲೇ ಇಟ್ಟುಕೊಂಡ. ಮುಂದಿನ ಗುರುವಾರ ಅದೇ ಲಾರಿ, ಅದೇ ಕಂಬಿ, ಅದೇ ದಾರಿ. ಆದರೆ ಅಂದು ಅವನೊಬ್ಬನೇ.

ಉಪಾಯ ಇಷ್ಟು: ಅಂದು ಅವನು ನಿಲ್ಲಿಸದೆ ದೇವನಹಳ್ಳಿ ಪಕ್ಕದ ವಿಜಯಪುರಕ್ಕೆ ಹೋಗುತ್ತಾನೆ. ಅಲ್ಲಿ ಗೆಳೆಯ ಭೀಮರಾಜನ ಮುಚ್ಚಿದ ರೇಷ್ಮೆ ಹುರಿ ಶೆಡ್ಡಿನಲ್ಲಿ ಕ್ರೇನು ಕಾಯುತ್ತಿರುತ್ತದೆ. ಕಂಬಿ ಇಳಿಯುವಾಗಲೇ ಹಳೆಯ ಫೋಟೊಗಳು ಹತ್ತಕ್ಕೆ, ಹನ್ನೊಂದಕ್ಕೆ, ಹನ್ನೆರಡಕ್ಕೆ ಗುಂಪಿಗೆ ಬೀಳುತ್ತವೆ. ಖಾಲಿ ಲಾರಿಯನ್ನು ನಂದಗುಡಿ ಕಡೆಯ ನೀಲಗಿರಿ ತೋಪಿನಲ್ಲಿ ಬಿಟ್ಟು, ಭೀಮರಾಜನ ಬೈಕಿನಲ್ಲಿ ಹೊಸಕೋಟೆ ಸೇರುವುದು. ಸರಿಯಾಗಿ ಒಂದಕ್ಕೆ ಕೊನೆಯ ಫೋಟೊ. ಒಂದರಿಂದ ಎರಡರವರೆಗೆ ಬಿರಿಯಾನಿ ಹೋಟೆಲಿನ ಸಿಸಿಟಿವಿ ಕೆಳಗೆ ಕೂತು ನಿಧಾನವಾಗಿ ಊಟ. ಆ ಕ್ಯಾಮೆರಾಕ್ಕೆ ಮೇಜುಗಳು ಕಾಣುತ್ತವೆ, ಹಿಂದಿನ ರಸ್ತೆ ಕಾಣುವುದಿಲ್ಲ; ಇದನ್ನು ಅವನು ಮೂರು ಸಲ ಬಿರಿಯಾನಿ ತಿಂದು ಖಾತ್ರಿ ಮಾಡಿಕೊಂಡಿದ್ದ. ಆಮೇಲೆ ಹೊರಗೆ ಬಂದು 'ಅಯ್ಯೋ ಗಾಡಿ!' ಎಂದು ಕೂಗುವುದು. ಒಂದು ಗಂಟೆಗೆ ಲೋಡು ಇತ್ತು ಎನ್ನಲು ಫೋಟೊ ಇದೆ. ಆಮೇಲೆ ತಾನು ಎಲ್ಲಿದ್ದೆ ಎನ್ನಲು ಬಿರಿಯಾನಿ ಇದೆ.

ಫೋಟೊಗಳನ್ನು ಅವನು ಐದು ರಾತ್ರಿ ಹಿಗ್ಗಿಸಿ ನೋಡಿದ. ಅಂದು ಹಾಕಿದ್ದ ನೀಲಿ ಅಂಗಿ ಒಗೆಸಿಟ್ಟ. ಹೆಬ್ಬೆರಳಿಗಿದ್ದ ಪ್ಲಾಸ್ಟರು ನೋಡಿ, ಗಾಯ ಮಾಯ್ದಿದ್ದರೂ ಹೊಸದೊಂದು ಅಂಟಿಸಿಕೊಂಡ. ಅಂದು ಇದ್ದಷ್ಟೇ ಗಡ್ಡ ಬರಲೆಂದು ಲೆಕ್ಕ ಹಾಕಿ ಕ್ಷೌರ ಮಾಡಿಕೊಂಡ. ಕಂಬಿಯ ತುದಿಗೆ ಎಚ್ಚರಿಕೆಗೆಂದು ಕಟ್ಟುವ ಮಾಸಲು ಕೆಂಪು ಬಟ್ಟೆ, ಅದರಲ್ಲಿ ಸೈಲೆನ್ಸರ್ ತಗುಲಿ ಸುಟ್ಟ ಹುಣಸೆಬೀಜದಷ್ಟು ತೂತು ಕೂಡ ನಾಲ್ಕೂ ಫೋಟೊದಲ್ಲಿ ಸ್ಪಷ್ಟವಾಗಿತ್ತು. ಆ ತೂತು ಕಂಡು ಅವನಿಗೆ ಬಹಳ ಖುಷಿಯಾಯಿತು. ಇಂಥ ಸಣ್ಣ ಗುರುತೇ ಪೊಲೀಸರನ್ನು ನಂಬಿಸುವುದು.

ಗುರುವಾರ ಬೆಳಿಗ್ಗೆ ಯಾರ್ಡಿನಲ್ಲಿ ಅವನೇ ಲೋಡು ಬಿಗಿದ. ತೂತಿನ ಬಟ್ಟೆಯನ್ನೂ ತಾನೇ ಕಂಬಿ ತುದಿಗೆ ಕಟ್ಟಿ, ರಸೀತಿ ತರಲು ಆಫೀಸಿಗೆ ಹೋದ. ಬರುವಷ್ಟರಲ್ಲಿ ಹೈದರ್ ಲಾರಿಯ ಹಿಂದೆ ನಿಂತು ಪ್ಯಾಂಟಿನ ಜೇಬಿಗೆ ಏನೋ ತುರುಕಿಕೊಳ್ಳುತ್ತಿದ್ದರು. ಕಣ್ಣು ಒದ್ದೆಯಾಗಿತ್ತು.

"ಹತ್ತನೇ ರುಜು ನಿಂದು, ಬೇಟಾ. ನಮ್ಮನೆಯೋಳ್ಗೆ ರಾತ್ರಿಯಿಂದ ನಿಂದೇ ಮಾತು. ಒಂದು ಸುತ್ತು ಹಾಕ್ಬಿಟ್ಟು ಹತ್ತು."

ಗಂಟೆ ಒಂಬತ್ತಾಗಿತ್ತು, ಭೀಮರಾಜ ಕಾಯುತ್ತಿದ್ದ. "ಎರಡು ಸುತ್ತು ಹಾಕಾಯ್ತು ಉಸ್ತಾದ್" ಎಂದು ಸಂತೋಷ ಸೀದಾ ಹತ್ತಿ ಕೂತ. ಕನ್ನಡಿಯಲ್ಲಿ ಹೈದರ್ ಕೈಯೆತ್ತಿ ನಿಂತಿದ್ದು ಕಂಡಿತು. ಪಾಪ, ಒಳ್ಳೆಯ ಮುದುಕ. ಆದರೆ ಲಾರಿ ಕಳುವಾದರೆ ಅದು ಕಳ್ಳರ ತಪ್ಪು, ಶಿಷ್ಯನದಲ್ಲ. ಉಸ್ತಾದರ ರುಜುವಿಗೆ ಮಸಿ ಹತ್ತುವುದಿಲ್ಲ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡು ಗೇರು ಹಾಕಿದ.

ಎಲ್ಲವೂ ಗಡಿಯಾರದಂತೆ ನಡೆಯಿತು. ಶೆಡ್ಡಿನಲ್ಲಿ ಅವನು ಮುಂದಿನ ಸರಪಳಿಗಳನ್ನು ಸಡಿಲಿಸುತ್ತಿದ್ದರೆ, ಭೀಮರಾಜ ಹಿಂದಿನಿಂದ ಹಗ್ಗ, ಬಟ್ಟೆ ಎಲ್ಲ ಕಿತ್ತು ಬಿಸಾಡಿ ಕಂಬಿ ಎತ್ತಿಸಿದ.

"ಏನ್ ತಲೆ ಗುರು ನಿಂದು!" ಎಂದ ಭೀಮರಾಜ, ಫೋನಿನಲ್ಲಿ ಸೂಲಿಬೆಲೆಯ ಫೋಟೊ ಹಾರುವುದನ್ನು ನೋಡುತ್ತಾ.

"ಸುಮ್ನೆ ಕ್ರೇನ್ ನೋಡ್ಕೊಳೋ" ಎಂದ ಸಂತೋಷ, ಒಳಗೊಳಗೇ ಉಬ್ಬಿಹೋಗಿ. ಬೆವರು ಧಾರಾಕಾರ ಸುರಿಯುತ್ತಿತ್ತು. ನೆಲದ ತುಂಬ ರೇಷ್ಮೆ ನೂಲಿನ ಸಿಕ್ಕು, ಚಿಂದಿ ಬಟ್ಟೆ. ಅವುಗಳ ನಡುವೆ ಹೊಸದಾಗಿ ಕಂಡ ಒಂದು ಕೆಂಪು ತುಂಡು ಎತ್ತಿಕೊಂಡು ಮುಖ ಒರೆಸಿದ. ಅಂಚಿಗೆ ಜರಿ ಇತ್ತು, ಕೆನ್ನೆಗೆ ಚುಚ್ಚಿತು. ರೇಷ್ಮೆ ಊರಲ್ಲಿ ಚಿಂದಿಗೂ ಜರಿ ಎಂದುಕೊಂಡು ಕತ್ತಿಗೆ ಸುತ್ತಿಕೊಂಡ.

ಎರಡೂ ಐದಕ್ಕೆ ಅವನು ಹೋಟೆಲಿನ ಮುಂದೆ ಕೂಗಿದ ಕೂಗಿಗೆ ಅರ್ಧ ಹೊಸಕೋಟೆ ಸೇರಿತು. ನಾಲ್ಕರ ಹೊತ್ತಿಗೆ ಪಾಪಯ್ಯ, ಹೈದರ್ ಕಾರಿನಲ್ಲಿ ಬಂದರು. ಸಬ್‌ಇನ್‌ಸ್ಪೆಕ್ಟರು ಸಿಸಿಟಿವಿ ನೋಡಿದರು, ಗುಂಪಿನ ನಾಲ್ಕು ಫೋಟೊ ನೋಡಿದರು. "ಒಂದು ಗಂಟೆಗೆ ಲೋಡ್ ಇಲ್ಲೇ ಐತೆ. ಹುಡುಗ ಒಳಗಡೆ ಊಟ ಮಾಡ್ತಾ ಇದ್ದ. ಇವನದ್ದೇನೂ ಇಲ್ಲ ಬಿಡಿ" ಎಂದರು.

ಪಾಪಯ್ಯ ತಲೆಯ ಮೇಲೆ ಕೈಹೊತ್ತು ಕುರ್ಚಿಯಲ್ಲಿ ಕುಸಿದ. ಎರಡು ತಿಂಗಳು ಸಂತೋಷ ಕನಸು ಕಂಡಿದ್ದ ಭಂಗಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಆದರೆ ಮಾವ ಎದ್ದು ಬಂದು ಅವನ ಹೆಗಲು ಹಿಡಿದ. "ಹೋದ್ರೆ ಹೋಗ್ಲಿ ಕಣೋ, ಕಬ್ಬಿಣ ತಾನೆ. ನಿಂಗೇನೂ ಆಗ್ಲಿಲ್ವಲ್ಲ. ಅವತ್ತು ಊಟದಲ್ಲಿ ನಾನು ಹಂಗೆ ಅನ್ಬಾರ್ದಿತ್ತು, ತಪ್ಪಾಯ್ತು" ಎಂದ. ಸಂತೋಷನಿಗೆ ನಿಜವಾಗಿಯೇ ಅಳು ಬಂತು. ಇದಕ್ಕಿಂತ ದೊಡ್ಡ ಗೆಲುವು ಬೇಕಿರಲಿಲ್ಲ, ಆದರೂ ನಾಚಿಕೆಯಾಯಿತು. ಕತ್ತಿನ ಬಟ್ಟೆಯಿಂದ ಕಣ್ಣೊರೆಸಿಕೊಂಡ.

ಹೈದರ್ ಮಾತ್ರ ಆ ಬಟ್ಟೆಯನ್ನೇ ನೋಡುತ್ತಿದ್ದರು. ಅವರು ಪಾಪಯ್ಯನ ಫೋನು ತೆಗೆದುಕೊಂಡು ಒಂದು ಗಂಟೆಯ ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿದರು. ಮತ್ತೆ ಸಂತೋಷನ ಕತ್ತು ನೋಡಿದರು, ಮತ್ತೆ ಫೋಟೊ ನೋಡಿದರು. "ಬೆಳಿಗ್ಗೆ ಸುತ್ತು ಹಾಕ್ಲಿಲ್ಲ ಅಲ್ವಾ ಬೇಟಾ?" ಎಂದರು, ಬಹಳ ಮೆಲ್ಲಗೆ. ಆಮೇಲೆ ಸಬ್‌ಇನ್‌ಸ್ಪೆಕ್ಟರ ಕಡೆ ತಿರುಗಿದರು. "ಮೊದಲ್ನೇ ಟ್ರಿಪ್ಪಿಗೆ ಹಳೇ ಬಟ್ಟೆ ಯಾಕೆ ಅಂತ ನಮ್ಮನೆಯೋಳು ರಾತ್ರಿ ಕೂತು ಜರಿ ಅಂಚು ಇಟ್ಟು ಹೊಸದು ಹೊಲಿದ್ಲು ಸಾರ್. ಒಂಬತ್ತಕ್ಕೆ ಗಾಡಿ ಹೊರಡೋ ಮುಂಚೆ ಹಳೇದು ಬಿಚ್ಚಿ, ಹೊಸದನ್ನ ಕಂಬಿ ತುದಿಗೆ ನಾನೇ ಕಟ್ದೆ. ಇವನ ಕತ್ತಲ್ಲಿರೋದು ಅದೇ." ಹೇಳುತ್ತಾ ಅವರು ಪ್ಯಾಂಟಿನ ಜೇಬಿನಿಂದ ಮಾಸಲು ಕೆಂಪು ಚಿಂದಿಯೊಂದನ್ನು ಎಳೆದು, ಹೋಟೆಲಿನ ಮೇಜಿನ ಮೇಲೆ ಫೋಟೊದ ಪಕ್ಕದಲ್ಲೇ ಹರಡಿದರು. ಅದರ ನಡುವೆ ಹುಣಸೆಬೀಜದಷ್ಟು ತೂತಿತ್ತು.